ಉದರ ಸ್ನಾಯುಗಳ ವ್ಯಾಯಾಮ

ಪಕ್ಕೆಲುಬುಗಳ ಕೆಳಗಂಚಿನಿಂದ ಕಿಬ್ಬೊಟ್ಟೆಯವರೆಗೆ ಹೊಟ್ಟೆಯ ಮುಂಭಾಗವನ್ನೂ ಪಕ್ಕಗಳನ್ನೂ ಆವರಿಸಿರುವ ಸ್ನಾಯುಗಳನ್ನು ಬಲಪಡಿಸಲು, ಬೆಳೆಸಲು ಮಾಡುವ ಅಂಗಸಾಧನೆ. ಭಾರ ಎತ್ತುವಾಗ, ಓಡುವಾಗ, ಎಡವಿದಾಗ ಬೆನ್ನೆಲುಬಿಗೆ ಆಸರೆ ಒದಗಿಸುವುದು ಇದರ ಒಂದು ಉದ್ದೇಶ. ಸಿಕ್ಸ್ ಪ್ಯಾಕ್ ಎನ್ನುವ ಗೆರೆಬಿದ್ದ ಹೊಟ್ಟೆಯನ್ನು ಪಡೆಯುವುದು ಇನ್ನೊಂದು. ಜಿಮ್‌ಗಳಲ್ಲಿ ಎರಡನೆಯದಕ್ಕೇ ಬೇಡಿಕೆ ಹೆಚ್ಚು. ಇವೆರಡನ್ನೂ ಬೇರೆಬೇರೆ ಸಾಧನೆಗಳೆಂದು ಎಣಿಸುವುದು ಸರಿಯಲ್ಲ. ಕೆಲಸಕ್ಕೆ ಒದಗುವಂತೆ ಪಳಗಿಸಿದ ಸ್ನಾಯುವೇ ನೋಟಕ್ಕೂ ಒದಗುತ್ತದೆ. ಅದು ಕಣ್ಣಿಗೆ ಕಾಣುವುದು, ಕಾಣದಿರುವುದು ಮಾತ್ರ ಬಹುಮಟ್ಟಿಗೆ ಊಟಕ್ಕೆ ಸೇರಿದ ವಿಷಯ.

ರಚನೆ

ಹೊಟ್ಟೆಯ ಗೋಡೆಯಲ್ಲಿ ಮುಖ್ಯವಾಗಿ ನಾಲ್ಕು ಜೋಡಿ ಸ್ನಾಯುಗಳಿವೆ. ಮುಂದುಗಡೆ ಉದ್ದಕ್ಕೆ ಇಳಿಯುವುದು ನೇರ ಉದರ ಸ್ನಾಯು. ಎದೆಮೂಳೆಯ ತುದಿ ಮತ್ತು ಐದರಿಂದ ಏಳನೆಯ ಪಕ್ಕೆಲುಬುಗಳ ಮೃದ್ವಸ್ಥಿಗಳಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ ಇದು ಹಬ್ಬಿದೆ. ಎಡ ಬಲ ಸ್ನಾಯುಗಳ ನಡುವೆ ಬಿಳಿಯ ತಂತುಪಟ್ಟಿಯೊಂದು ನೆಟ್ಟಗೆ ಹಾದುಹೋಗುತ್ತದೆ. ಅಡ್ಡಲಾಗಿ ಸಾಮಾನ್ಯವಾಗಿ ಮೂರು ತಂತುರೇಖೆಗಳು ಸ್ನಾಯುವನ್ನು ತುಂಡರಿಸುತ್ತವೆ. ಸಿಕ್ಸ್ ಪ್ಯಾಕಿನ ಚೌಕಗಳು ಮೂಡುವುದು ಈ ರೇಖೆಗಳಿಂದಲೇ. ರೇಖೆಗಳ ಸಂಖ್ಯೆ, ಎಡಬಲಗಳ ಸರಿಸಮತೆ ಹುಟ್ಟಿನಿಂದಲೇ ಬಂದದ್ದು. ಕೆಲವರಿಗೆ ನಾಲ್ಕು ಚೌಕ, ಕೆಲವರಿಗೆ ಎಂಟು; ಹಲವರಲ್ಲಿ ಅವು ಸೊಟ್ಟಗೂ ಇರುತ್ತವೆ. ಯಾವ ಕಸರತ್ತೂ ಇದನ್ನು ಬದಲಿಸಲಾರದು.

ಪಕ್ಕಗಳಲ್ಲಿ ಹೊರ ಓರೆ ಸ್ನಾಯು, ಅದರಡಿಯಲ್ಲಿ ಒಳ ಓರೆ ಸ್ನಾಯು ಇವೆ. ಇವುಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿ ಸಾಗುತ್ತವೆ. ಮುಂಡವನ್ನು ಬಲಕ್ಕೆ ತಿರುಗಿಸುವಾಗ ಎಡಗಡೆಯ ಹೊರ ಓರೆಯೂ ಬಲಗಡೆಯ ಒಳ ಓರೆಯೂ ಜೊತೆಗೂಡಿ ಎಳೆಯುತ್ತವೆ. ಎಲ್ಲಕ್ಕಿಂತ ಒಳಗಿರುವುದು ಅಡ್ಡ ಉದರ ಸ್ನಾಯು. ಬಿಗಿದ ನಡುಪಟ್ಟಿಯ ಹಾಗೆ ಸೊಂಟವನ್ನು ಸುತ್ತುವರಿದಿದೆ. ಇದು ಹೊರಗೆ ಕಾಣುವಂಥದ್ದಲ್ಲ. ಮೇಲೆ ವಪೆ, ಕೆಳಗೆ ಶ್ರೋಣಿಯ ತಳದ ಸ್ನಾಯುಗಳು, ಹಿಂದೆ ಬೆನ್ನಿನ ಸ್ನಾಯುಗಳು ಸೇರಿದರೆ ಈಗಿನ ತರಬೇತುದಾರರು ಕೋರ್ ಎನ್ನುವ ಭಾಗ ಪೂರ್ತಿಯಾಗುತ್ತದೆ.

ಕೆಲಸ

ಮುಂಡವನ್ನು ಬಗ್ಗಿಸುವುದೇ ಉದರ ಸ್ನಾಯುಗಳ ಕೆಲಸವೆಂಬ ತಿಳಿವಳಿಕೆ ಬಹುಕಾಲ ಇತ್ತು. ದಿನನಿತ್ಯದ ಬದುಕಿನಲ್ಲಿ ಅವು ಮಾಡುವುದು ಹೆಚ್ಚಾಗಿ ಇದಕ್ಕೆ ತದ್ವಿರುದ್ಧ: ಮುಂಡ ಬಾಗದಂತೆ, ತಿರುಚದಂತೆ ತಡೆದು ನಿಲ್ಲಿಸುವುದು. ತುಂಬಿದ ಬಿಂದಿಗೆಯನ್ನು ಬಲಗೈಯಲ್ಲಿ ಇಳಿಬಿಟ್ಟು ನಡೆಯುವವರ ಎಡಪಕ್ಕೆಯನ್ನು ಮುಟ್ಟಿ ನೋಡಿದರೆ ಇದು ಗೊತ್ತಾಗುತ್ತದೆ. ಭಾರ ಇರುವುದು ಬಲಕ್ಕೆ. ಕಲ್ಲಿನಂತೆ ಬಿಗಿದಿರುವುದು ಎಡಗಡೆಯ ಓರೆ ಸ್ನಾಯುಗಳು. ದೇಹ ಬಲಕ್ಕೆ ವಾಲದಿರುವುದು ಅವುಗಳಿಂದಲೇ.

1996ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರಕ್ಕೆ ಹೊಸ ತಿರುವು ಕೊಟ್ಟಿತು. ಆರೋಗ್ಯವಂತರು ತೋಳೆತ್ತುವಾಗ, ತೋಳಿನ ಸ್ನಾಯುವಿಗಿಂತ ಮೊದಲೇ ಅಡ್ಡ ಉದರ ಸ್ನಾಯು ಬಿಗಿಯುತ್ತಿತ್ತು. ಸೊಂಟನೋವಿದ್ದವರಲ್ಲಿ ಈ ಬಿಗಿತ ತಡವಾಗುತ್ತಿತ್ತು. ಇದರ ಬೆನ್ನಲ್ಲೇ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಆ ಒಂದೇ ಸ್ನಾಯುವನ್ನು ಪಳಗಿಸುವ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಇದನ್ನು ಒಪ್ಪಲಿಲ್ಲ. ಒಂದೇ ಸ್ನಾಯು ಬೆನ್ನೆಲುಬನ್ನು ಕಾಯಲಾರದು. ಗುದ್ದು ಬೀಳುತ್ತದೆಂದು ಗೊತ್ತಾದಾಗ ಹೊಟ್ಟೆ ತಾನಾಗಿ ಬಿಗಿಯುವಂತೆ ಸುತ್ತಲಿನ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿಯಬೇಕು ಎಂಬುದು ಅವರ ವಾದ. ಭಾರ ಎತ್ತುವವರ ಅನುಭವವೂ ಈ ವಾದದ ಕಡೆಗೇ ಇದೆ.

ಸಿಟ್-ಅಪ್‌ನಿಂದ ಪ್ಲ್ಯಾಂಕಿಗೆ

ಇಪ್ಪತ್ತನೆಯ ಶತಮಾನದ ಶಾಲೆ, ಸೇನೆ, ಪೊಲೀಸ್ ತರಬೇತಿಗಳಲ್ಲೆಲ್ಲ ಸಿಟ್-ಅಪ್‌ ಬಳಕೆಯಲ್ಲಿತ್ತು. ಮಲಗಿದ್ದವರು ಪೂರ್ತಿ ಎದ್ದು ಕೂರುವ ಈ ವ್ಯಾಯಾಮದಲ್ಲಿ ಅರ್ಧ ಕೆಲಸ ತೊಡೆಯನ್ನು ಬೆನ್ನೆಲುಬಿಗೆ ಜೋಡಿಸುವ ಸ್ನಾಯುಗಳದ್ದು. ಅವು ಸೊಂಟದ ಮಣಿಗಳನ್ನು ಜಗ್ಗುತ್ತವೆ. ಪ್ರತಿ ಸಿಟ್-ಅಪ್‌ನಲ್ಲೂ ಸೊಂಟದ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಬೀಳುತ್ತದೆಂದು ಮೆಕ್‌ಗಿಲ್ ಲೆಕ್ಕ ಹಾಕಿದರು. ಹಂದಿಯ ಬೆನ್ನೆಲುಬಿನ ತುಂಡುಗಳನ್ನು ಒತ್ತಡದಲ್ಲಿಟ್ಟು ಸಾವಿರಾರು ಸಲ ಬಗ್ಗಿಸಿದಾಗ ಮಣಿಗಳ ನಡುವಿನ ಮೆತ್ತೆ ಹೊರಚಾಚಿಕೊಳ್ಳುವುದನ್ನೂ ಅವರ ಪ್ರಯೋಗಾಲಯ ತೋರಿಸಿತು. ಅಮೆರಿಕದ ಭೂಸೇನೆ ದಶಕಗಳ ಕಾಲ ನಡೆಸಿದ ಎರಡು ನಿಮಿಷಗಳ ಸಿಟ್-ಅಪ್ ಪರೀಕ್ಷೆಯನ್ನು ಕೈಬಿಟ್ಟು, 2022ರಲ್ಲಿ ಪ್ಲ್ಯಾಂಕನ್ನು (ಮೊಣಕೈ, ಕಾಲ್ಬೆರಳುಗಳನ್ನೂರಿ ದೇಹವನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ವ್ಯಾಯಾಮ) ತನ್ನ ದೇಹದಾರ್ಢ್ಯ ಪರೀಕ್ಷೆಗೆ ಸೇರಿಸಿಕೊಂಡಿತು.

ಹಾಗೆಂದು ಬಗ್ಗುವ ವ್ಯಾಯಾಮವೆಲ್ಲ ವಿಷವೆನ್ನುವುದು ಅತಿಯಾಯಿತು. ಸತ್ತ ಹಂದಿಯ ಮೂಳೆಗೆ ದುರಸ್ತಿಯಿಲ್ಲ. ಬದುಕಿರುವ ಬೆನ್ನಿಗೆ ವಿಶ್ರಾಂತಿ ಕೊಟ್ಟರೆ ಚೇತರಿಕೆಯಿದೆ. ನೋವಿಲ್ಲದವರು ವಾರಕ್ಕೆ ಎರಡು ಮೂರು ಸಲ ಮಿತವಾಗಿ ಕ್ರಂಚ್ (ಸೊಂಟ ನೆಲದಲ್ಲೇ ಇದ್ದು ತಲೆ, ಭುಜಗಳನ್ನಷ್ಟೇ ಮೇಲೆತ್ತುವುದು) ಮಾಡುವುದರಲ್ಲಿ ತಪ್ಪಿಲ್ಲ. ದಿನವಿಡೀ ಕುರ್ಚಿಯಲ್ಲಿ ಬಾಗಿ ಕೂರುವವರು, ಡಿಸ್ಕ್ ತೊಂದರೆ ಇರುವವರು ಮಾತ್ರ ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು. ಬೆಳಗ್ಗೆ ಎದ್ದ ಕೂಡಲೇ ಮಾಡುವುದಂತೂ ಬೇಡ. ರಾತ್ರಿ ಮಲಗಿದ್ದಾಗ ಮಣಿಗಳ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು.

ಮೆಕ್‌ಗಿಲ್ ಸೂಚಿಸಿದ ಮೂರು ವ್ಯಾಯಾಮಗಳಲ್ಲಿ ಮೊದಲನೆಯದು ಕರ್ಲ್-ಅಪ್. ಅಂಗಾತ ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೀಳವಾಗಿ ಬಿಡಬೇಕು. ಎರಡೂ ಅಂಗೈಗಳನ್ನು ಸೊಂಟದ ತಗ್ಗಿನಡಿ ಇಡಬೇಕು. ಆ ತಗ್ಗು ನೆಲಕ್ಕೆ ಚಪ್ಪಟೆಯಾಗಬಾರದು ಎಂಬುದೇ ಇದರ ಉದ್ದೇಶ. ಹೊಟ್ಟೆ ಬಿಗಿದು, ಕತ್ತು ಮಡಚದೆ, ತಲೆ ಮತ್ತು ಭುಜಗಳನ್ನು ನೆಲದಿಂದ ಒಂದಿಷ್ಟೇ ಮೇಲೆತ್ತಬೇಕು. ನೋಡುವವರಿಗೆ ಏನೂ ನಡೆದಂತೆ ಕಾಣಬಾರದು, ಅಷ್ಟು ಸಾಕು. ಉಸಿರಾಡುತ್ತಲೇ ಎಂಟು ಹತ್ತು ಸೆಕೆಂಡು ಹಿಡಿದು ಸಡಿಲಿಸಬೇಕು. ಉಳಿದೆರಡು: ಮೊಣಕೈಯೂರಿ ಪಕ್ಕಕ್ಕೆ ಮಾಡುವ ಪ್ಲ್ಯಾಂಕ್, ಮತ್ತು ಅಂಬೆಗಾಲಿನ ಭಂಗಿಯಲ್ಲಿ ಎದುರುಬದುರು ಕೈಕಾಲು ಚಾಚುವ ಬರ್ಡ್-ಡಾಗ್. ನಿಮಿಷಗಟ್ಟಲೆ ಪ್ಲ್ಯಾಂಕ್ ಹಿಡಿದು ನಡುಗುವುದಕ್ಕಿಂತ ಹತ್ತು ಸೆಕೆಂಡಿನಂತೆ ಹಲವು ಸಲ ಹಿಡಿಯುವುದರಿಂದ ಲಾಭ ಹೆಚ್ಚು. ಸುಸ್ತಾದ ಮೇಲೆ ಭಂಗಿ ಕೆಡುತ್ತದೆ, ಸೊಂಟ ಜೋತುಬೀಳುತ್ತದೆ.

ನೋಟ

ಚೌಕಗಳು ಎದ್ದು ಕಾಣಬೇಕಾದರೆ ಸ್ನಾಯು ದಪ್ಪಗಾಗಬೇಕು, ಮೇಲಿನ ಕೊಬ್ಬು ತೆಳುವಾಗಬೇಕು. ಮೊದಲನೆಯದಕ್ಕೆ ಉದರ ಸ್ನಾಯುವನ್ನೂ ಎದೆ, ತೋಳುಗಳಂತೆಯೇ ನಡೆಸಿಕೊಳ್ಳಬೇಕು: ನೂರಾರು ಸಲ ಹಗುರವಾಗಿ ಮಾಡುವ ಬದಲು, ಹತ್ತು ಹದಿನೈದು ಸಲಕ್ಕೇ ಸೋಲುವಷ್ಟು ಕಷ್ಟದ ವ್ಯಾಯಾಮ, ನಡುವೆ ಬಿಡುವು, ಸಾಕಷ್ಟು ಪ್ರೋಟೀನ್. ಕಂಬಿಗೆ ಜೋತು ಕಾಲೆತ್ತುವುದು, ಚಕ್ರ ಹಿಡಿದು ಮುಂದಕ್ಕೆ ಉರುಳಿಸುವುದು ಇದಕ್ಕೆ ತಕ್ಕವು.

ಎರಡನೆಯದಕ್ಕೆ ಹೊಟ್ಟೆಯ ವ್ಯಾಯಾಮ ಹೆಚ್ಚು ನೆರವಾಗದು. 1984ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಭಾಗವಹಿಸಿದವರು 27 ದಿನಗಳಲ್ಲಿ ತಲಾ 5,004 ಸಿಟ್-ಅಪ್ ಮಾಡಿದರು. ಅವರ ಕೊಬ್ಬಿನ ಕೋಶಗಳು ಹೊಟ್ಟೆಯಲ್ಲಿ ಕುಗ್ಗಿದಷ್ಟೇ ಬೆನ್ನಿನಲ್ಲೂ ಪೃಷ್ಠದಲ್ಲೂ ಕುಗ್ಗಿದ್ದವು. 2011ರ ಇನ್ನೊಂದು ಅಧ್ಯಯನದಲ್ಲಿ ಆರು ವಾರಗಳ ಉದರ ವ್ಯಾಯಾಮದಿಂದ ಸ್ನಾಯುಗಳ ತಾಳಿಕೆ ಹೆಚ್ಚಿತೇ ಹೊರತು ಹೊಟ್ಟೆಯ ಕೊಬ್ಬು ಕರಗಲಿಲ್ಲ. ಸ್ಥೂಲವಾಗಿ ಹೇಳುವುದಾದರೆ, ದೇಹತೂಕದಲ್ಲಿ ಕೊಬ್ಬಿನ ಪಾಲು ಗಂಡಸರಲ್ಲಿ ಶೇ. 10-12ರ ಹತ್ತಿರ, ಹೆಂಗಸರಲ್ಲಿ ಶೇ. 16-20ರ ಹತ್ತಿರ ಬಂದಾಗ ಚೌಕಗಳು ಸ್ಪಷ್ಟವಾಗುತ್ತವೆ. ಹೆಂಗಸರು ಇದಕ್ಕಿಂತ ಬಹಳ ಕೆಳಗಿಳಿದರೆ ಮುಟ್ಟು ಏರುಪೇರಾಗುವುದುಂಟು. ಸ್ಪರ್ಧೆಯ ವೇದಿಕೆಯಲ್ಲೂ ಸಿನಿಮಾದಲ್ಲೂ ಕಾಣುವ ಹೊಟ್ಟೆ ಹಲವು ಸಲ ನೀರು, ಉಪ್ಪು ಬಿಟ್ಟು ಒಂದೆರಡು ದಿನಕ್ಕಷ್ಟೇ ತಂದುಕೊಂಡ ರೂಪ. ಅದನ್ನೇ ಆದರ್ಶವಾಗಿಟ್ಟುಕೊಂಡು ಹದಿಹರೆಯದವರು ಊಟ ಬಿಡುವುದು ನಿಜಕ್ಕೂ ಕಳವಳದ ಸಂಗತಿ.

ಭಾರತೀಯರ ಪಾಲಿಗೆ ಹೊಟ್ಟೆಯ ಸುತ್ತಳತೆ ಬರೀ ಅಂದದ ಪ್ರಶ್ನೆಯಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತೆಳ್ಳಗೆ ಕಾಣುವ ಭಾರತೀಯರ ಹೊಟ್ಟೆಯೊಳಗೂ ಕೊಬ್ಬು ಕೂಡಿರಬಹುದು. ಆದ್ದರಿಂದ ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮೀರದಿರಲಿ ಎಂಬುದು ನಮ್ಮಲ್ಲಿ ಪಾಲಿಸುವ ಮಿತಿ.

ಕರ್ನಾಟಕದಲ್ಲಿ

ಬಲ ಮತ್ತು ರೂಪ ಎರಡನ್ನೂ ಒಟ್ಟಿಗೆ ಸಾಧಿಸಬಹುದೆಂದು ತೋರಿಸಿದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ (1897-1980) ಮುಖ್ಯರು. ಕನ್ನಡಿಗರು ಅವರನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಹೆಚ್ಚು ಬಲ್ಲರು. ದೇಹದಾರ್ಢ್ಯಪಟು ಯೂಜೆನ್ ಸ್ಯಾಂಡೊ ಪರಂಪರೆಯ ಭಾರ ಎತ್ತುವ ಸಾಧನೆಗೆ ಹಠಯೋಗವನ್ನು ಬೆಸೆದು ಅವರು ತಮ್ಮದೇ ಪದ್ಧತಿ ರೂಪಿಸಿದರು. ಅದನ್ನು ಅಂಚೆಯ ಮೂಲಕವೂ ಕಲಿಸಿದರು. ಹಠಯೋಗದ ಉಡ್ಡಿಯಾನ ಬಂಧದಲ್ಲಿ ಉಸಿರು ಪೂರ್ತಿ ಹೊರಬಿಟ್ಟು ಹೊಟ್ಟೆಯನ್ನು ಪಕ್ಕೆಲುಬುಗಳಡಿ ಎಳೆದುಕೊಳ್ಳುತ್ತಾರೆ. ನೌಲಿಯಲ್ಲಿ ನೇರ ಉದರ ಸ್ನಾಯುವನ್ನಷ್ಟೇ ಮುಂದಕ್ಕೆ ತಳ್ಳಿ ಎಡಬಲಕ್ಕೆ ಹೊರಳಿಸುತ್ತಾರೆ. ಉಡ್ಡಿಯಾನದಂಥದ್ದೇ ಸಾಧನೆಯನ್ನು 1977ರಿಂದ 1979ರವರೆಗೆ ಮಿಸ್ಟರ್ ಒಲಿಂಪಿಯಾ ಆಗಿದ್ದ ದೇಹದಾರ್ಢ್ಯಪಟು ಫ್ರಾಂಕ್ ಝೇನ್ ವ್ಯಾಕ್ಯೂಮ್ ಎಂಬ ಹೆಸರಿನಲ್ಲಿ ವೇದಿಕೆಯ ಮೇಲೆ ಪ್ರದರ್ಶಿಸುತ್ತಿದ್ದರು. ಗರಡಿಮನೆಗಳಲ್ಲಿ ಹೊಟ್ಟೆಗೆಂದೇ ಬೇರೆ ಸಾಮು ಕಡಿಮೆ. ದಂಡ ಹೊಡೆಯುವಾಗ ಸೊಂಟ ಕುಸಿಯದಂತೆ ಹಿಡಿಯಬೇಕು, ಗದೆ ತಿರುವುವಾಗ ಅದರ ಸೆಳೆತಕ್ಕೆ ಮುಂಡ ತಿರುಚದಂತೆ ತಡೆಯಬೇಕು. ಪೈಲ್ವಾನರ ನಡು ಗಟ್ಟಿಯಾಗುವುದು ಹೀಗೆ.

ಎಚ್ಚರಿಕೆ

ಹರ್ನಿಯಾ ಇದ್ದವರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಬಸುರಿನಲ್ಲಿ ಗರ್ಭ ಬೆಳೆದಂತೆ ನಡುವಿನ ತಂತುಪಟ್ಟಿ ಹಿಗ್ಗಿ ನೇರ ಉದರ ಸ್ನಾಯುಗಳು ಅಗಲುತ್ತವೆ. ಹೆರಿಗೆಯ ನಂತರ ಅಂತರ ಎರಡು ಸೆಂ.ಮೀ.ಗಿಂತ ಹೆಚ್ಚಾಗಿ ಉಳಿದಿದ್ದರೆ, ಹೊಟ್ಟೆ ಕರಗಿಸಬೇಕೆಂಬ ಆತುರದಲ್ಲಿ ಸಿಟ್-ಅಪ್ ಮಾಡುವುದು ಬೇಡ. ಬಾಣಂತಿ ಅಂಗಾತ ಮಲಗಿ ತಲೆಯೆತ್ತಿದಾಗ ಹೊಕ್ಕುಳಿನ ಮೇಲೆ ಕೆಳಗೆ ಹೊಟ್ಟೆಯ ನಡು ಏಣಿನಂತೆ ಉಬ್ಬಿದರೆ ಅದು ಇದರ ಸೂಚನೆ. ಅಂಥವರು ಫಿಸಿಯೋಥೆರಪಿಸ್ಟರ ಕಣ್ಗಾವಲಿನಲ್ಲಿ, ಉಸಿರು ಹೊರಬಿಡುತ್ತ ಶ್ರೋಣಿಯ ತಳವನ್ನೂ ಅಡ್ಡ ಉದರ ಸ್ನಾಯುವನ್ನೂ ಮೆಲ್ಲಗೆ ಬಿಗಿಯುವುದರಿಂದ ಆರಂಭಿಸಿ, ಆ ಉಬ್ಬು ಕಾಣದಾದ ಮೇಲಷ್ಟೇ ಮುಂದಿನ ವ್ಯಾಯಾಮಗಳಿಗೆ ಹೋಗಬೇಕು.