ಗದಗ ಸೀಮೆಯ ಬಾಸೆಲ್ ಮಿಶನ್ ಬೋಧಕರು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಶನ್. ಅದರ ಪರವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಗದಗಿನ ಪಕ್ಕದ ಬೆಟಗೇರಿಯಲ್ಲಿ ನೆಲೆಸಿ ಧರ್ಮಪ್ರಚಾರ ಮತ್ತು ಶಿಕ್ಷಣದಲ್ಲಿ ತೊಡಗಿದವರು ಈ ಬೋಧಕರು. ಇವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ರೈತರ ಹಾಗೂ ಕುಶಲಕರ್ಮಿಗಳ ಮಕ್ಕಳು.

ಆರಂಭ: ಸಂಸ್ಥೆಯ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಘಟ್ಟದ ಮೇಲೆ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ನೇಕಾರರ ಊರಾದ ಬೆಟಗೇರಿಯಲ್ಲಿ 1841ರಲ್ಲಿ ಕೇಂದ್ರಗಳು ತೆರೆದವು. ಸುತ್ತಲಿನ ಸೀಮೆ ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು.

ಮಲಸಮುದ್ರದ ಪ್ರಯೋಗ: ಭವಿಷ್ಯ ನುಡಿಯುವ ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಥದವರು ಈ ಪಾದ್ರಿಗಳ ಬಗ್ಗೆ ಆಸಕ್ತಿ ತೋರಿದರು. ಅವರೆಲ್ಲ ಕ್ರೈಸ್ತರಾಗುವರೆಂಬ ಭರವಸೆಯಿಂದ ಮಿಶನ್ 1841ರಲ್ಲಿ ಗದಗಿಗೆ ಸಮೀಪದ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತು ತೆರೆಯಿತು. ಜಾತಿಯಿಂದ ಹೊರಗಾಗುವವರಿಗೆ ನೆಲ, ನೆರಳು ಒದಗಿಸುವುದು ಅದರ ಉದ್ದೇಶ. ನಿರೀಕ್ಷಿಸಿದಷ್ಟು ಜನ ಬಾರದೆ ಆ ಯೋಜನೆ ವಿಫಲವಾಯಿತು.

ದಿನಚರಿ: ಬಂದ ಬೋಧಕನ ಮೊದಲ ಕೆಲಸ ಕನ್ನಡ ಕಲಿಯುವುದು. ಊರಿನ ಪಂಡಿತನೊಬ್ಬನ ಬಳಿ ಪಾಠ ಹೇಳಿಸಿಕೊಂಡ ಮೇಲೆಯೇ ಶಾಲೆಯ ಮೇಲ್ವಿಚಾರಣೆ, ಪ್ರಾರ್ಥನೆ, ಜಾತ್ರೆ-ಸಂತೆಗಳಲ್ಲಿ ಉಪದೇಶ. ಹಳ್ಳಿಗಳ ಸಂಚಾರ ಕುದುರೆಯ ಮೇಲೆ ಇಲ್ಲವೆ ಚಕ್ಕಡಿಯಲ್ಲಿ ನಡೆಯುತ್ತಿತ್ತು. ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸುವ ಹೊಣೆ ಬಹುಮಟ್ಟಿಗೆ ಪಾದ್ರಿಗಳ ಹೆಂಡಂದಿರದು. ಸ್ಥಳೀಯ ಉಪದೇಶಿಗಳೂ ಶಾಲಾ ಮಾಸ್ತರರೂ ಇಲ್ಲದೆ ಈ ಕೆಲಸ ಸಾಗುತ್ತಿರಲಿಲ್ಲ. ಇದೆಲ್ಲದರ ವರದಿಯನ್ನು ಬರೆದು ನಿಯತವಾಗಿ ಬಾಸೆಲಿಗೆ ಕಳುಹಿಸಬೇಕಿತ್ತು.

ಕಷ್ಟಗಳು: ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕವನ್ನು ಸುತ್ತಿ ಬರುವ ಹಡಗಿನ ಪಯಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಕಾಲರಾ, ಜ್ವರಗಳಿಗೆ ಹಲವರು ಬಲಿಯಾದರು. ಬಳಲಿದವರಿಗೆ ನೀಲಗಿರಿಯ ಕೇತಿಯಲ್ಲಿದ್ದ ಮಿಶನ್ ಕೇಂದ್ರ ವಿಶ್ರಾಂತಿಯ ತಾಣವಾಗಿತ್ತು. ಮದುವೆಗೂ ಬಾಸೆಲಿನ ಸಮಿತಿಯ ಅನುಮತಿ ಬೇಕಿತ್ತು. ಎಷ್ಟೋ ವಧುಗಳು ವರನ ಮುಖವನ್ನೇ ಕಾಣದೆ ಹಡಗು ಹತ್ತಿ ಬಂದರು. ಇದಕ್ಕಿಂತ ಕಠಿಣವಾದದ್ದು ಮಕ್ಕಳ ಅಗಲಿಕೆ: ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳುಹಿಸಬೇಕಿತ್ತು. ಅವರಿಗಾಗಿ 1850ರ ದಶಕದಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆಯಿತು.

ಊರಿನ ವಿರೋಧವೂ ಇತ್ತು. ಒಬ್ಬ ವಿದ್ಯಾರ್ಥಿ ದೀಕ್ಷಾಸ್ನಾನ ಪಡೆದನೆಂದರೆ ಉಳಿದ ಪಾಲಕರು ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದರು. ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠಗಳಂತಹ ಗಟ್ಟಿ ನೆಲೆಗಳಿದ್ದ ಈ ಸೀಮೆಯಲ್ಲಿ ಮತಾಂತರ ದೊಡ್ಡ ಪ್ರಮಾಣದಲ್ಲಿ ನಡೆಯಲಿಲ್ಲ. 1876–78ರ ಭೀಕರ ಬರಗಾಲದಲ್ಲಿ ಅನಾಥ ಮಕ್ಕಳ ಪಾಲನೆ ಮಿಶನ್ನಿನ ಮುಖ್ಯ ಕೆಲಸಗಳಲ್ಲೊಂದಾಯಿತು.

ಕನ್ನಡಕ್ಕೆ ಕೊಡುಗೆ: ಕಚೇರಿ, ಶಾಲೆಗಳಲ್ಲಿ ಮರಾಠಿ ಮೇಲುಗೈಯಾಗಿದ್ದ ಮುಂಬಯಿ ಪ್ರಾಂತದಲ್ಲಿ ಮಿಶನ್ ಕನ್ನಡದಲ್ಲಿ ಕಲಿಸಿತು, ಕನ್ನಡದ ಪುಸ್ತಕ ಅಚ್ಚುಮಾಡಿತು. ಹುಬ್ಬಳ್ಳಿಯಲ್ಲಿ ದುಡಿದ ವ್ಯೂರ್ತ್ ಬಸವಪುರಾಣವನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದ. 1853ರಲ್ಲಿ ಬಂದ ಕಿಟೆಲ್ ಧಾರವಾಡ, ಹುಬ್ಬಳ್ಳಿಗಳಲ್ಲೂ ಇದ್ದ. ಅವನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು.

ಅಂತ್ಯಕಾಲ: 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳೆನಿಸಿದರು. ಗಂಡಸರನ್ನು ಅಹಮದ್‌ನಗರದ ಶಿಬಿರದಲ್ಲಿ, ಹೆಂಗಸರು-ಮಕ್ಕಳನ್ನು ಬೆಳಗಾವಿಯಲ್ಲಿ ಇರಿಸಿ, ಬಳಿಕ ಹೆಚ್ಚಿನವರನ್ನು ಯುರೋಪಿಗೆ ಮರಳಿಸಲಾಯಿತು. ಯುದ್ಧಾನಂತರ ಮಿಶನ್ ಮತ್ತೆ ಬಂದರೂ ಆಡಳಿತ ಕ್ರಮೇಣ ಸ್ಥಳೀಯರ ಕೈಸೇರಿತು. ಈ ಸೀಮೆಯ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿವೆ. ಬೆಟಗೇರಿಯ ಸಿ.ಎಸ್.ಐ. ಆಸ್ಪತ್ರೆಯನ್ನು ಜನ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ.