ನಾರುಹುಣ್ಣು ಹೋಯ್ತು, ನೀರು ಸುಧಾರಿಸ್ತಾ?

ಗುರುಗುಂಟಾ ಅಂದ ಕೂಡಲೇ ಹೊರಗಿನವರಿಗೆ ಅಮರೇಶ್ವರನ ಜಾತ್ರೆ ನೆನಪಾಗುತ್ತೆ. ನಮ್ಮ ರಾಯಚೂರು ಸೀಮೆಯ ಹಳಬರಿಗೆ ಇನ್ನೊಂದು ನೆನಪೂ ಇದೆ: ನಾರುಹುಣ್ಣು. ಬೆಂಗಳೂರು, ಮಂಗಳೂರಿನ ಗೆಳೆಯರು ಬಹುಶಃ ಈ ಹೆಸರೇ ಕೇಳಿರಲಿಕ್ಕಿಲ್ಲ.

ಜನ ಮೆಟ್ಟಿಲ ಬಾವಿಗೆ ಇಳಿದು, ನೀರಲ್ಲಿ ಕಾಲಿಟ್ಟು ಕೊಡ ತುಂಬುತ್ತಿದ್ದ ಕಾಲ. ಆ ನೀರಲ್ಲಿ ಸೈಕ್ಲಾಪ್ಸ್ ಅನ್ನೋ ಚಿಕ್ಕ ಜೀವಿ, ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಕುಡಿದ ಸುಮಾರು ಒಂದು ವರ್ಷಕ್ಕೆ ಎರಡು ಮೂರು ಅಡಿ ಉದ್ದದ ಹುಳ ಕಾಲಿನ ಚರ್ಮ ಸೀಳಿಕೊಂಡು ಹೊರಬರೋದು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೀಬೇಕು. ಉರಿ ತಾಳದೆ ಬಾವಿಗೆ ಕಾಲಿಟ್ಟರೆ ಮತ್ತೆ ಮರಿಗಳೆಲ್ಲ ನೀರಿಗೆ! "ಹುಣ್ಣಿನ ಕಾಲು ಬಾವ್ಯಾಗ ಇಡಬ್ಯಾಡೋ" ಅಂತ ನಮ್ಮಜ್ಜಿ ಬಯ್ಯುತ್ತಿದ್ದದ್ದು ಸುಮ್ಮನೆ ಅಲ್ಲ.

1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಲಸಿಕೆ ಇಲ್ಲ, ಗುಣಪಡಿಸೋ ಗುಳಿಗೆಯೂ ಇಲ್ಲ. ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿ ಮಾಡಿದರು, ಕೈಪಂಪು ಹಾಕಿದರು, ಬಾವಿಗೆ ಟೆಮೆಫಾಸ್ ಔಷಧ ಬಿಟ್ಟರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ಅಷ್ಟೇ! 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಅಂತ ಘೋಷಿಸಿತು.

ಆದರೆ ಬಟ್ಟೆ ತಡೆಯೋದು ಸೈಕ್ಲಾಪ್ಸನ್ನು. ಕಾಲರಾದಂಥ ರೋಗಾಣು ಅದಕ್ಕಿಂತ ನೂರಾರು ಪಟ್ಟು ಸಣ್ಣದು. ನಾರುಹುಳ ತಾನೇ ಕಾಲಿನಿಂದ ಹೊರಬಂದು ಸಾಕ್ಷಿ ಹೇಳುತ್ತಿತ್ತು, ಇವು ಹೇಳೋದಿಲ್ಲ. ನೀರು ತಿಳಿಯಾಗೇ ಕಾಣುತ್ತೆ. ಹಾಗಾಗಿ ಪರೀಕ್ಷೆ ಮಾಡೋರು ಮಲದಲ್ಲಿರುವ ಇ. ಕೋಲಿಯಂಥ ಬ್ಯಾಕ್ಟೀರಿಯಾ ಹುಡುಕುತ್ತಾರೆ. ಅದು ಸಿಕ್ಕಿದರೆ ಎಲ್ಲೋ ಮಲ ನೀರಿಗೆ ಸೇರಿದೆ ಅಂತ ಅರ್ಥ. 1982ರಲ್ಲಿ ಗ್ವಾಲಿಯರ್‌ನ ಕೆ.ಎಸ್. ಮಾಂಜಾ ಮತ್ತು ಸಂಗಡಿಗರು ಹಳ್ಳಿಗೂ ಒಗ್ಗುವ ಒಂದು ಅಗ್ಗದ ಉಪಾಯ ಪ್ರಕಟಿಸಿದರು. ಔಷಧ ಹಚ್ಚಿದ ಕಾಗದವಿರುವ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಡಿ. ಕಪ್ಪಾದರೆ ಆ ನೀರನ್ನು ನಂಬಬೇಡಿ.

2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. 2023ರಲ್ಲಿ ನಮ್ಮದೇ ಲಿಂಗಸೂಗೂರು ತಾಲ್ಲೂಕಿನ ಗೊರೇಬಾಳದ ಜನ ಆಸ್ಪತ್ರೆ ಸೇರಿದರು. ಬೋರಿನ ನೀರು ಶುದ್ಧವಿದ್ದರೂ ಒಡೆದ ಪೈಪು ಚರಂಡಿಯಲ್ಲಿ ಹಾದು ಬಂದರೆ ಕತೆ ಮುಗೀತು. ನೀರು ನಿಂತಾಗ ಪೈಪು ಚರಂಡಿಯನ್ನೇ ಒಳಗೆಳೆದುಕೊಳ್ಳುತ್ತೆ. ಬೋರಿನ ಹತ್ತಿರ ಮಾತ್ರ ಪರೀಕ್ಷೆ ಮಾಡಿದರೆ ಇದು ತಿಳಿಯೋದಿಲ್ಲ. ಓಣಿಯ ಕೊನೇ ನಲ್ಲಿಯ ನೀರನ್ನೇ ಹಿಡಿದು ನೋಡಬೇಕು.

ಹುಳವನ್ನು ಓಡಿಸಿದ್ದು ಆಸ್ಪತ್ರೆಯಲ್ಲ, ಬಾವಿಯ ಕಟ್ಟೆ. ಈ ಸಲದ ಕಟ್ಟೆ ಪೈಪಿಗೂ ಚರಂಡಿಗೂ ನಡುವೆ ಕಟ್ಟಬೇಕಾಗಿದೆ.