ಎತ್ತಿನ ಗಾಡಿಯಿಂದ ಸ್ಪ್ರಿಂಗ್‌ವರೆಗೆ: ಟೆಕ್ಸಸ್ ಕನ್ನಡಿಗರ ಜಾವಾ ಕಲಿಕೆ

ನಾನು ವೈದ್ಯ, ಕಂಪ್ಯೂಟರ್ ವಿಷಯದಲ್ಲಿ ಹೊರಗಿನವ. ಆದರೂ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕನ್ನಡಿಗರ ಚರಿತ್ರೆ ಬರೆಯಹೊರಟರೆ, ಯಾರು ಯಾವಾಗ ಬಂದರು ಎನ್ನುವುದರ ಜೊತೆಗೆ ಏನು ಕಲಿತು ಇಲ್ಲಿ ಉಳಿದುಕೊಂಡರು ಎನ್ನುವುದನ್ನೂ ಹೇಳಬೇಕಾಗುತ್ತದೆ. ನಾವು ಕೆಲವರು ಸ್ಟೆತಸ್ಕೋಪ್ ಹಿಡಿದು ಬಂದೆವು. ನಮ್ಮ ನಂತರ ಬಂದ ಎಷ್ಟೋ ಮನೆಗಳ ಒಲೆ ಉರಿಸಿದ್ದು ಜಾವಾ.

ಈ ನಂಟಿಗೆ ಹಳೆಯ ಬೇರಿದೆ. ಡಲ್ಲಾಸ್‌ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆಯಿತು. ಅದರ ಉಪಗ್ರಹ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಹತ್ತು ವರ್ಷದ ನಂತರ, 1995ರ ಮೇ ತಿಂಗಳಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಜಾವಾ ಭಾಷೆಯನ್ನು ಲೋಕಕ್ಕೆ ಪರಿಚಯಿಸಿತು. ಅಷ್ಟರಲ್ಲಿ 2000ನೇ ಇಸವಿಯ ಲೆಕ್ಕದ ತೊಡಕು ಎದುರಿಗಿತ್ತು. ಹಳೆಯ ಕೋಬಾಲ್ ಬಲ್ಲವರಿಗೆ ಕರೆಯೋ ಕರೆ. ವರ್ಷಕ್ಕೆ 65,000 ಇದ್ದ ಎಚ್-1ಬಿ ವೀಸಾ ಮಿತಿಯನ್ನು 1998ರ ಕಾನೂನು 1,15,000ಕ್ಕೂ, 2000ದ ಕಾನೂನು ಮೂರು ವರ್ಷಗಳ ಮಟ್ಟಿಗೆ 1,95,000ಕ್ಕೂ ಏರಿಸಿತು. ನನ್ನ ಸೋದರಳಿಯ ಬಂದದ್ದು ಆ ಅಲೆಯಲ್ಲೇ.

ಹೊಸ ವರ್ಷ ಬಂತು, ಕೋಬಾಲ್ ಕೆಲಸ ಕರಗಿತು. ಕೇಳುತ್ತಿದ್ದದ್ದು ವೆಬ್ ಅಪ್ಲಿಕೇಷನ್. ಅದೇ 2000ದಲ್ಲಿ ಕ್ರೇಗ್ ಮೆಕ್‌ಕ್ಲಾನಹನ್ ಎಂಬವರು ತಾವು ಬರೆದ ಸ್ಟ್ರಟ್ಸ್ ಅನ್ನು ಅಪಾಚೆ ಬಳಗಕ್ಕೆ ಕೊಟ್ಟರು. ಅದೊಂದು ಫ್ರೇಮ್‌ವರ್ಕ್, ಅಂದರೆ ಕಂಬ, ತೊಲೆ ಮೊದಲೇ ನಿಂತಿರುವ ಮನೆ. ಪುಟ ತೋರಿಸುವುದು ಒಂದು ಕಡೆ, ಲೆಕ್ಕಾಚಾರ ಇನ್ನೊಂದು ಕಡೆ, ನಡುವೆ ದಾರಿ ತೋರಿಸುವವನೊಬ್ಬ. ಹೀಗೆ ಕೆಲಸ ಹಂಚಿದ್ದರಿಂದ ಸಾಧಾರಣ ಪ್ರೋಗ್ರಾಮರ್ ಕೂಡ ಬೇಗ ತಯಾರಾಗಬಹುದಾಗಿತ್ತು. ತರಬೇತಿ ಒಂದು ವ್ಯಾಪಾರವಾದದ್ದೂ ಇದರಿಂದಲೇ.

2001ರಲ್ಲಿ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನ ಟೆಲಿಕಾಂ ಕಾರಿಡಾರ್‌ನಲ್ಲಿ ಸಾಲುಸಾಲಾಗಿ ಕೆಲಸಗಳು ಹೋದವು. ಡಿಸೆಂಬರ್‌ನಲ್ಲಿ ಹ್ಯೂಸ್ಟನ್‌ನ ಎನ್ರಾನ್ ದಿವಾಳಿಯಾಯಿತು. ಕೆಲಸ ಹೋದ ವೀಸಾದವನಿಗೆ 60 ದಿನಗಳ ಕಾಲಾವಕಾಶ ನಿಯಮವಾಗಿ ಬಂದದ್ದು 2017ರಲ್ಲಿ. ಆಗ ಅದೂ ಇರಲಿಲ್ಲ. ಎರಡು ತಿಂಗಳ ಮುಂಚೆಯೇ ಸುಳಿವು ಸಿಕ್ಕಿದ್ದು ನನ್ನ ಅಳಿಯನ ಪುಣ್ಯ. ಅರ್ವಿಂಗ್‌ನಲ್ಲಿ ಕನ್ನಡಿಗರೊಬ್ಬರ ಗ್ಯಾರೇಜಿನಲ್ಲಿ ಸಂಜೆ ಆರೇಳು ಜನ ಸೇರಿ ಸ್ಟ್ರಟ್ಸ್ ಕಲಿಯುತ್ತಿದ್ದರು. ಗೋಡೆಗೆ ಒಂದು ಬಿಳಿ ಹಲಗೆ, ಮಡಚುವ ಕುರ್ಚಿಗಳು, ನಡುವೆ ಚಿತ್ರಾನ್ನದ ಡಬ್ಬಿ. ಫೀಸಿನ ಮಾತೇ ಇರಲಿಲ್ಲ. ಕಲಿಸುತ್ತಿದ್ದವರು ತಾವೇ ಹಿಂದಿನ ರಾತ್ರಿ ಓದಿ ಬರುತ್ತಿದ್ದರಂತೆ!

ಆಗಲೇ ಒಂದು ಕನ್ಸಲ್ಟಿಂಗ್ ಕಂಪನಿ, ಹೆಸರು ಬೇಡ, ಇವನಿಗೆ ಕೆಲಸ ಕೊಡಿಸುವುದಾಗಿ ಹೇಳಿ ರೆಸ್ಯೂಮೆಯಲ್ಲಿ ಐದು ವರ್ಷದ ಜಾವಾ ಅನುಭವ ಬರೆಯಲು ಹೇಳಿತು. ಇವನ ಜಾವಾಗೆ ಆಗ ಐದು ವಾರ. "ಮಾವ, ಎಲ್ಲರೂ ಹೀಗೇ ಮಾಡ್ತಾರಂತೆ, ಏನು ಮಾಡಲಿ?" ಎಂದು ಊಟದ ಹೊತ್ತಿನಲ್ಲಿ ಕೇಳಿದ. ಲೈಸೆನ್ಸ್ ಇಲ್ಲದೆ ಒಂದು ಔಷಧಿ ಚೀಟಿಯನ್ನೂ ಬರೆಯಲಾರದ ನನಗೆ ಉತ್ತರ ಸುಲಭವಿತ್ತು. ಆದರೆ ದೇಶ ಬಿಡಬೇಕಾದವನು ನಾನಲ್ಲವಲ್ಲ. ನಾನು ಸುಮ್ಮನಿದ್ದೆ. ಅವನೇ ಮರುದಿನ ಒಲ್ಲೆನೆಂದ. ಕೊನೆಗೆ ಹ್ಯೂಸ್ಟನ್‌ನಲ್ಲಿ, ಕಡಿಮೆ ಸಂಬಳಕ್ಕೆ, ಕೋಬಾಲ್ ಮತ್ತು ಜಾವಾ ಎರಡೂ ಬೇಕಾಗಿದ್ದ ಕಡೆ ಕೆಲಸ ಸಿಕ್ಕಿತು. ಸುಳ್ಳು ಬರೆದವರೆಲ್ಲ ಕೆಟ್ಟರು ಎಂದು ನಾನು ಹೇಳಲಾರೆ. ಕೆಲವರು ಚೆನ್ನಾಗಿಯೇ ಇದ್ದಾರೆ.

ಕಲಿತದ್ದು ಹಳತಾಗಲು ತಡವಾಗಲಿಲ್ಲ. ಆಸ್ಟ್ರೇಲಿಯಾದ ರಾಡ್ ಜಾನ್ಸನ್, ಸಂಗೀತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದ ಮನುಷ್ಯ, 2002ರ ತಮ್ಮ ಪುಸ್ತಕದ ಜೊತೆ ಕೊಟ್ಟ ಸುಮಾರು 30,000 ಸಾಲುಗಳ ಕೋಡಿನಿಂದ ಸ್ಪ್ರಿಂಗ್ ಬೆಳೆಯಿತು. ಅದರ 1.0 ಆವೃತ್ತಿ ಬಂದದ್ದು 2004ರ ಮಾರ್ಚ್‌ನಲ್ಲಿ. ಅದರ ಮೂಲತತ್ವಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂದು ಹೆಸರು. ಇಂಜೆಕ್ಷನ್ ಎಂದೊಡನೆ ನನ್ನ ಕಿವಿ ನಿಮಿರಿತು. ಅಳಿಯ ವಿವರಿಸಿದ ಮೇಲೆ ನನಗೆ ಹೊಳೆದದ್ದು ಆಪರೇಷನ್ ಥಿಯೇಟರ್. ಶಸ್ತ್ರವೈದ್ಯ ಕತ್ತರಿ ಹುಡುಕುತ್ತ ಉಗ್ರಾಣಕ್ಕೆ ಹೋಗುವುದಿಲ್ಲ. ಬೇಕಾದದ್ದನ್ನು ನರ್ಸ್ ಕೈಗಿಡುತ್ತಾರೆ. ಸ್ಪ್ರಿಂಗ್ ಮಾಡುವುದೂ ಅದನ್ನೇ. ಕತ್ತರಿ ಯಾವ ಕಂಪನಿಯದು ಎಂಬುದು ಶಸ್ತ್ರವೈದ್ಯನಿಗೆ ಗೊತ್ತಿರಬೇಕಿಲ್ಲವಾದ್ದರಿಂದ ನಾಳೆ ಬೇರೆಯದನ್ನೂ ಇಡಬಹುದು.

2014ರಲ್ಲಿ ಸ್ಪ್ರಿಂಗ್ ಬೂಟ್ ಬಂದು ಪುಟಗಟ್ಟಲೆ ಸಿದ್ಧತೆಯ ಬರಹವನ್ನು ಕಡಿಮೆ ಮಾಡಿತು. ಮರುವರ್ಷ ಮೇ ತಿಂಗಳಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಗ್ರೀನ್ ಕಾರ್ಡ್ ಹಾದಿಯಲ್ಲಿ ಒಂದು ಹಂತ ದಾಟಿದ ಎಚ್-1ಬಿ ಉದ್ಯೋಗಿಗಳ ಎಚ್-4 ಸಂಗಾತಿಗಳು ದುಡಿಯಲು ಅನುಮತಿ ಕೇಳಬಹುದೆಂದಾಯಿತು. ಇಂಜಿನಿಯರಿಂಗ್ ಓದಿ ವರ್ಷಗಟ್ಟಲೆ ಮನೆಯಲ್ಲಿ ಕುಳಿತಿದ್ದ ನಮ್ಮ ಹೆಣ್ಣುಮಕ್ಕಳಿಗೆ ಇದು ಎಂಥ ಸುದ್ದಿ ಎಂದು ವಿವರಿಸಬೇಕಿಲ್ಲ. ಅಷ್ಟು ಹೊತ್ತಿಗೆ ಆಸ್ಟಿನ್‌ಗೆ ಬಂದು ನೆಲೆಸಿದ್ದ ಅಳಿಯ ಶನಿವಾರಗಳಂದು ಲೈಬ್ರರಿಯ ಕೋಣೆಯೊಂದರಲ್ಲಿ ಅಂಥ ನಾಲ್ಕೈದು ಜನರಿಗೆ ಕಲಿಸತೊಡಗಿದ. ಗ್ಯಾರೇಜಿನ ಸಾಲ ತೀರಿಸುತ್ತಿದ್ದೇನೆ ಎಂದು ನಗುತ್ತಿದ್ದ. 2019ರ ಅಕ್ಟೋಬರ್‌ನಲ್ಲಿ ಸ್ಪ್ರಿಂಗ್‌ನವರ ದೊಡ್ಡ ಸಮ್ಮೇಳನ ಆಸ್ಟಿನ್‌ನಲ್ಲೇ ನಡೆಯಿತು. ಅವನ ಇಬ್ಬರು ವಿದ್ಯಾರ್ಥಿನಿಯರು ತಮ್ಮ ಕಂಪನಿಗಳ ಖರ್ಚಿನಲ್ಲೇ ಹೋಗಿಬಂದರು.

ಒಮ್ಮೆ ನಾನೂ ಹಿಂದಿನ ಕುರ್ಚಿಯಲ್ಲಿ ಕುಳಿತು ಪಾಠ ಕೇಳಿದೆ. ಅವತ್ತು ಅವನು ಕೋಡ್ ಬರೆಯಿಸಲೇ ಇಲ್ಲ. 2017ರಲ್ಲಿ ಸುಮಾರು 14.7 ಕೋಟಿ ಜನರ ಖಾಸಗಿ ವಿವರ ಇಕ್ವಿಫ್ಯಾಕ್ಸ್‌ನಿಂದ ಕಳವಾದ ಕಥೆ ಹೇಳಿದ. ಕಳ್ಳರು ನುಗ್ಗಿದ್ದು ಸ್ಟ್ರಟ್ಸ್‌ನ ಒಂದು ಬಿರುಕಿನಿಂದ. ಅದಕ್ಕೆ ತೇಪೆ ಮಾರ್ಚ್‌ನಲ್ಲೇ ಸಿದ್ಧವಿತ್ತು, ಕಳವು ಶುರುವಾದದ್ದು ಮೇನಲ್ಲಿ. ಆಮೇಲೆ ಪ್ರತಿಯೊಬ್ಬರಿಗೂ ತಮ್ಮ ಅಭ್ಯಾಸದ ಪ್ರಾಜೆಕ್ಟ್ ತೆರೆಯಲು ಹೇಳಿ, ಅದರಲ್ಲಿರುವ ಎರವಲು ಲೈಬ್ರರಿಗಳು ಯಾವುವು, ಯಾವ ಆವೃತ್ತಿಯವು ಎಂದು ಒಂದೊಂದನ್ನೇ ಕಾಗದದ ಮೇಲೆ ಬರೆಯಿಸಿದ. ಒಂದೂವರೆ ಗಂಟೆ ಅದೇ ಆಯಿತು.